ನೀರಿಳಿದ ಹೊತ್ತಿನ ಮರಳು

ನಮ್ಮ ಸೀಮೆಯಲ್ಲಿ ತೆಂಗಿನ ಸಸಿ ಇಡುವಾಗ ಗುಂಡಿಯ ತಳಕ್ಕೆ ಕೊಟ್ಟಿಗೆ ಗೊಬ್ಬರ, ಮರಳು, ಬೇವಿನ ಹಿಂಡಿಯ ಜೊತೆಗೆ ಒಂದಿಷ್ಟು ಕಲ್ಲುಪ್ಪನ್ನೂ ಸುರಿಯುವುದುಂಟು. ರಾಗಿಗೋ ಹೆಸರಿಗೋ ಉಪ್ಪು ಹಾಕಿದವರನ್ನು ನಾನು ಕಂಡಿಲ್ಲ. ಉಪ್ಪು ಬಿದ್ದ ಹೊಲ ಹಾಳಾಯಿತು ಎಂದೇ ಎಲ್ಲರ ತಿಳಿವಳಿಕೆ. ತೆಂಗು ಮಾತ್ರ ಅದನ್ನು ಬಯಸುತ್ತದೆ. ಉಪ್ಪಿನಲ್ಲಿರುವ ಕ್ಲೋರಿನ್ ಅಂಶ ಈ ಮರಕ್ಕೆ ಬೇಕಾದ ಆಹಾರ ಎನ್ನುತ್ತಾರೆ ಕೃಷಿ ವಿಜ್ಞಾನ ಓದಿದವರು. ಇದರಲ್ಲಿ ಸೋಜಿಗವೇನೂ ಇಲ್ಲ, ಏಕೆಂದರೆ ತೆಂಗು ಹುಟ್ಟಿದ್ದೇ ಕಡಲ ತಡಿಯಲ್ಲಿ, ಉಬ್ಬರದ ನೀರು ಮುಟ್ಟುವ ಗೆರೆಯಿಂದ ತುಸು ಮೇಲೆ. ಕಾಯಿ ನೀರಿಗೆ ಬಿದ್ದು, ತೇಲುತ್ತಾ ಹೋಗಿ, ಇನ್ಯಾವುದೋ ದಡದಲ್ಲಿ ಮೊಳೆಯಲಿ ಎಂದೇ ಅದಕ್ಕೆ ಅಷ್ಟು ದಪ್ಪ ಮಟ್ಟೆ.

ನಮ್ಮ ಕೆಂಕೆರೆಯಿಂದ ಕಡಲಿಗೆ ದಾರಿ ಲೆಕ್ಕದಲ್ಲಿ ಇನ್ನೂರು ಕಿಲೋಮೀಟರಿಗೂ ಹೆಚ್ಚು. ನಡುವೆ ಘಟ್ಟ. ಇಲ್ಲಿನ ಮರಗಳಿಗೆ ಕೊಳವೆಬಾವಿಯ ನೀರು, ಕೆರೆಯ ಗೋಡು, ಕೆಂಪು ಮಣ್ಣು ಎಲ್ಲವೂ ಒಗ್ಗಿಹೋಗಿವೆ. ಅಟ್ಟದ ಮೇಲೆ ವರ್ಷವಿಡೀ ಒಣಗಿ ಚಿಪ್ಪಿನೊಳಗೆ ಗಲಗಲ ಎನ್ನುವ ಉಂಡೆ ಕೊಬ್ಬರಿಗೆ ತಿಪಟೂರಿನ ಹೆಸರು ಅಂಟಿದೆ, ಕಡಲಿನದಲ್ಲ. ಆದರೂ ತೋಟದಲ್ಲಿ ಓಡಾಡುವಾಗ ಇವು ಬಿಟ್ಟುಬಂದ ತವರಿನ ಯೋಚನೆ ನನಗೆ ಆಗಾಗ ಬರುತ್ತದೆ. ಅಲ್ಲಿ ತೆಂಗಿನ ಬುಡಕ್ಕೂ ಕಡಲಿಗೂ ನಡುವೆ ಒಂದು ಪಟ್ಟಿ ಇದೆ. ದಿನಕ್ಕೆ ಎರಡು ಸಲ ಅದು ನೀರಿನಡಿ ಹೋಗುತ್ತದೆ, ಎರಡು ಸಲ ಬಯಲಿಗೆ ಬೀಳುತ್ತದೆ. ಆ ಪಟ್ಟಿಯಲ್ಲಿ ಬೆನ್ನುಮೂಳೆಯಿಲ್ಲದ ಸಣ್ಣ ಜೀವಗಳು ನಡೆಸುವ ಬಾಳು ನನಗೆ ಈ ಭೂಮಿಯ ಮೇಲಿನ ದೊಡ್ಡ ಅಚ್ಚರಿಗಳಲ್ಲೊಂದು.

ನಮ್ಮ ನಾಡಿನಲ್ಲಿ ಅದನ್ನು ನೋಡಬೇಕೆಂದರೆ ಕುಮಟಾ ತಾಲ್ಲೂಕಿಗೆ ಹೋಗಬೇಕು. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ಅಘನಾಶಿನಿ ಯಾವ ದೊಡ್ಡ ಅಣೆಕಟ್ಟಿಗೂ ಸಿಗದೆ, ಉಂಚಳ್ಳಿಯಲ್ಲಿ ಧುಮುಕಿ, ತದಡಿಯ ಬಳಿ ಕಡಲು ಸೇರುತ್ತದೆ. ಸೇರುವ ಮೊದಲು ಅಗಲವಾಗಿ ಹರಡಿಕೊಳ್ಳುತ್ತದೆ. ಹೊಳೆ ತಂದ ಮಣ್ಣು, ಕಡಲು ತಳ್ಳಿದ ಮರಳು ಎರಡೂ ಅಲ್ಲಿ ಕೂಡಿ ದಿಬ್ಬಗಳಾಗಿವೆ. ನೀರು ಇಳಿದಾಗ ಅವು ಮೈದೋರುತ್ತವೆ. ಮೊದಲ ನೋಟಕ್ಕೆ ಅಲ್ಲಿ ಏನೂ ಇಲ್ಲ. ಒದ್ದೆ ಮರಳು, ಅಲ್ಲಲ್ಲಿ ಹೊಳೆಯುವ ನೀರು, ದೂರದಲ್ಲಿ ಬೆಳ್ಳಕ್ಕಿ. ಕಾಲಿಟ್ಟ ಕೂಡಲೇ ಅಷ್ಟು ದೂರದಿಂದಲೇ ಹೆಜ್ಜೆಯ ಅದುರು ತಿಳಿದು ಎಲ್ಲರೂ ಒಳಗೆ ಹೋಗಿರುತ್ತಾರೆ. ಅಲ್ಲಾಡದೆ ಕೂತರೆ ಸ್ವಲ್ಪ ಹೊತ್ತಿಗೆ ಒಂದೊಂದೇ ತೂತಿನಲ್ಲಿ ಕಣ್ಣು ಕಾಣುತ್ತವೆ.

ಮೊದಲು ಬರುವುದು ಬೆರಳುಗುರಿನಷ್ಟು ಚಿಕ್ಕ ಮರಳೇಡಿ. ಅದರ ಬಣ್ಣ ಮರಳಿನದೇ ಬಣ್ಣ. ತೂತಿನ ಬಾಯಲ್ಲಿ ನಿಂತು, ಎರಡೂ ಇಕ್ಕಳದಿಂದ ಮರಳನ್ನು ಮೊಗೆದು ಬಾಯಿಗೆ ಇಡುತ್ತದೆ. ಒಂದು ಕೈ ಮೇಲೆ ಹೋಗುವಾಗ ಇನ್ನೊಂದು ಕೆಳಗೆ ಬರುತ್ತದೆ, ನಡುವೆ ಬಿಡುವೇ ಇಲ್ಲ. ಬಾಯೊಳಗಿನ ಕೂದಲಿನಂಥ ಕುಂಚಗಳು ಮರಳ ಕಣಕ್ಕೆ ಅಂಟಿದ ಪಾಚಿಯನ್ನೂ ಕೊಳೆತ ಚೂರನ್ನೂ ಒರೆಸಿ ತೆಗೆದುಕೊಳ್ಳುತ್ತವೆ. ತೊಳೆದ ಮರಳು ಬಾಯಿಯ ಮೇಲೆ ಗುಂಡಗೆ ಉರುಳೆಯಾಗಿ ಕೂಡಿ ಬರುತ್ತದೆ. ಅದನ್ನು ಕಾಲಿನಿಂದ ಕಿತ್ತು ಹಿಂದಕ್ಕೆ ಎಸೆದು ಒಂದು ಹೆಜ್ಜೆ ಪಕ್ಕಕ್ಕೆ ಸರಿಯುತ್ತದೆ. ಹೀಗೆ ಮಾಡುತ್ತಾ ಮಾಡುತ್ತಾ ತೂತಿನ ಸುತ್ತ ಉರುಳೆಗಳ ಸಾಲು ಸಾಲು ಮೂಡುತ್ತದೆ. ಸಾಲುಗಳ ನಡುವೆ ಒಂದು ಓಣಿಯನ್ನು ಮಾತ್ರ ಅದು ಖಾಲಿ ಬಿಟ್ಟುಕೊಂಡಿರುತ್ತದೆ. ಅಪಾಯ ಬಂದರೆ ಮನೆಗೆ ಓಡುವ ದಾರಿ ಅದು. ದಿಬ್ಬದ ತುಂಬ ಇಂಥ ಸಾವಿರಾರು ರಂಗೋಲಿ. ನೀರು ತಿರುಗಿ ಬಂದಾಗ ಒಂದೂ ಉಳಿಯುವುದಿಲ್ಲ, ಮುಂದಿನ ಇಳಿತಕ್ಕೆ ಮತ್ತೆ ಮೊದಲಿಂದ. ಈ ಏಡಿಯ ಕಾಲುಗಳ ಮೇಲೆ ತೆಳ್ಳನೆಯ ಪೊರೆಯ ಕಿಟಕಿಗಳಿವೆ. ಅವು ಕಿವಿ ಎಂದು ಹಿಂದೆ ಕೆಲವರು ಊಹಿಸಿದ್ದರು. ಗಾಳಿಯಲ್ಲಿದ್ದಾಗ ಅದು ಉಸಿರಾಡುವುದು ಆ ಕಿಟಕಿಗಳಿಂದ ಎಂದು 1986ರಲ್ಲಿ ತಿಳಿದುಬಂತು. ತೊಡೆಯಿಂದ ಉಸಿರಾಡುವ ಪ್ರಾಣಿ ನನ್ನ ಕಾಲಿನ ಪಕ್ಕದಲ್ಲೇ ಊಟ ಮಾಡುತ್ತಿದೆ ಎಂಬುದನ್ನು ಮನಸ್ಸಿಗೆ ತಂದುಕೊಳ್ಳಲು ಹೊತ್ತು ಬೇಕು.

ಕೆಸರು ಹೆಚ್ಚಿರುವ ಕಡೆ ಒಂದೇ ಕೈ ದೊಡ್ಡದಾದ ಗಂಡೇಡಿಗಳು. ಕೆಲವಕ್ಕೆ ಎಡಗೈ ದೊಡ್ಡದು, ಕೆಲವಕ್ಕೆ ಬಲಗೈ. ದೊಡ್ಡ ಕೈ ಊಟಕ್ಕೆ ಬರುವುದಿಲ್ಲ, ಅದು ಬೀಸಲಿಕ್ಕೆ ಮಾತ್ರ. ಹೆಣ್ಣನ್ನು ಕರೆಯಲು, ಎದುರಾಳಿಯನ್ನು ಹೆದರಿಸಲು. ಇನ್ನೊಂದೆಡೆ ಮರಳಿನಿಂದ ಎದ್ದು ನಿಂತ ಕೊಳವೆಯ ಬಾಯಿ, ಅದರ ಮೈಗೆಲ್ಲ ಚಿಪ್ಪಿನ ಚೂರು, ಎಲೆಯ ತುಣುಕು ಅಂಟಿಸಿಕೊಂಡಿದೆ. ನಮ್ಮ ಎರೆಹುಳುವಿನ ದಾಯಾದಿ ಅದರೊಳಗೆ ಇದೆ. ಯಾರೂ ಕಲಿಸದೆ, ಒಂದೊಂದೇ ಚೂರನ್ನು ಆರಿಸಿ, ತಿರುಗಿಸಿ ನೋಡಿ, ಮನೆಗೆ ಮೆತ್ತುತ್ತದೆ.

ಮೇಲೆ ಕಾಣದ ದೊಡ್ಡ ಜನ ಬಳಚು. ಎರಡು ಚಿಪ್ಪಿನ ಈ ಜೀವ ಮರಳಿನೊಳಗೆ ಕೂತು ಎರಡು ನಳಿಗೆಗಳನ್ನು ಮೇಲೆ ಕಳಿಸುತ್ತದೆ. ಒಂದರಿಂದ ನೀರು ಒಳಕ್ಕೆ, ಇನ್ನೊಂದರಿಂದ ಹೊರಕ್ಕೆ. ನಡುವೆ ಸೋಸಿದ್ದೇ ಅದರ ಅನ್ನ. ನೀರು ಇಳಿದರೆ ಬಾಗಿಲು ಬಿಗಿಯಾಗಿ ಮುಚ್ಚಿಕೊಂಡು ಕಾಯುತ್ತದೆ. ಅಘನಾಶಿನಿಯ ಹೆಣ್ಣುಮಕ್ಕಳು, ಗಂಡಸರು ಸೊಂಟದವರೆಗಿನ ನೀರಿನಲ್ಲಿ ನಿಂತು ಕಾಲ ಬೆರಳಿನಿಂದಲೇ ಬಳಚನ್ನು ಗುರುತಿಸಿ ಎತ್ತುತ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿಗಳು ಲೆಕ್ಕ ಹಾಕಿದಾಗ ಈ ಒಂದು ಅಳಿವೆಯಿಂದ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪುಜೀವಿಗಳು ಬರುತ್ತಿದ್ದವು, ಎರಡು ಸಾವಿರಕ್ಕೂ ಹೆಚ್ಚು ಜನ ಅದನ್ನೇ ನಂಬಿದ್ದರು ಎಂದು ಕಂಡುಬಂತು. ಯಾರೂ ಬೀಜ ಬಿತ್ತಿಲ್ಲ, ಗೊಬ್ಬರ ಕೊಟ್ಟಿಲ್ಲ. ತೆಂಗಿನ ತೋಟಕ್ಕೆ ನಾವು ಮಾಡುವ ಆರೈಕೆ ನೆನೆದರೆ ಈ ಬೆಳೆಗೆ ಕೈ ಮುಗಿಯಬೇಕು ಅನ್ನಿಸುತ್ತದೆ. ಆ ದಂಡೆಯ ಮನೆಗಳಲ್ಲಿ ಬಳಚು ಬೇಯುವುದು ತೆಂಗಿನ ತುರಿಯ ಜೊತೆಗೇ.

ದಿಬ್ಬದಲ್ಲಿ ಬಿದ್ದ ಬಿಳಿ ಚಿಪ್ಪುಗಳನ್ನು ತಿರುಗಿಸಿ ನೋಡಿದರೆ ಕೆಲವಕ್ಕೆ ಒಂದು ತೂತು. ಬೈರಿಗೆ ಹಾಕಿ ಕೊರೆದಂತೆ ಗುಂಡಗೆ, ಅಂಚು ಒಳಕ್ಕೆ ಓರೆಯಾಗಿ ಇಳಿದಿರುತ್ತದೆ. ಅದು ಚಂದ್ರಶಂಖು ಎಂಬ ಬಸವನಹುಳುವಿನ ಕೆಲಸ. ಮರಳಿನೊಳಗೆ ತೆವಳಿ ಬಂದು, ಬಳಚನ್ನು ಅಗಲವಾದ ಪಾದದಿಂದ ಅಪ್ಪಿ ಹಿಡಿದು, ಹುಳಿಯಂಥ ರಸ ಬಿಟ್ಟು ಸುಣ್ಣವನ್ನು ಮೆತ್ತಗೆ ಮಾಡಿ, ಅರದಂಥ ನಾಲಿಗೆಯಿಂದ ಗಂಟೆಗಟ್ಟಲೆ ಕೊರೆಯುತ್ತದೆ. ಅಂಗೈಯಲ್ಲಿ ಹಗುರಾಗಿ ಕೂತ ಚಿಪ್ಪಿನಲ್ಲಿ ಒಂದು ಇಡೀ ಬೇಟೆಯ ಕತೆ. ಅದು ನಡೆದದ್ದು ಕತ್ತಲಲ್ಲಿ, ಒಂದು ಗೇಣು ಮರಳಿನ ಅಡಿಯಲ್ಲಿ, ಯಾರ ಕಣ್ಣಿಗೂ ಬೀಳದೆ.

ಇವರೆಲ್ಲರಿಗೂ ಹೊತ್ತು ಗೊತ್ತಾಗುವುದು ಹೇಗೆ ಎಂಬುದು ನನ್ನನ್ನು ಕಾಡುವ ಪ್ರಶ್ನೆ. ಕಡಲಿನ ಗಡಿಯಾರ ಸೂರ್ಯನದಲ್ಲ. ಉಬ್ಬರದಿಂದ ಉಬ್ಬರಕ್ಕೆ ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷ, ಆದ್ದರಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ಹಿಂದೆ ಬೀಳುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ಎರಡೂ ತಗ್ಗುತ್ತವೆ. ದಂಡೆಯ ಜನ ತಿಥಿ ನೋಡಿಯೇ ನೀರಿನ ಹೊತ್ತು ಹೇಳುತ್ತಾರೆ. ನಾವು ಮದುವೆಗೆ, ಗೃಹಪ್ರವೇಶಕ್ಕೆ ಬಿಚ್ಚುವ ಪಂಚಾಂಗವನ್ನು ಏಡಿ ಮೈಯೊಳಗೇ ಇಟ್ಟುಕೊಂಡಿದೆ. ಒಂದೇ ಕೈ ದೊಡ್ಡದಾದ ಆ ಜಾತಿಯ ಏಡಿಗಳನ್ನು ಕಡಲಿನಿಂದ ತಂದು, ನೀರಿನ ಏರಿಳಿತವೇ ಇಲ್ಲದ ಕತ್ತಲ ಕೋಣೆಯಲ್ಲಿಟ್ಟರೂ, ತಮ್ಮ ದಂಡೆಯಲ್ಲಿ ಇಳಿತವಾಗುವ ಹೊತ್ತಿಗೇ ಅವು ಚುರುಕಾಗುತ್ತವೆ ಎಂದು ಅಮೆರಿಕದಲ್ಲಿ ಕಳೆದ ಶತಮಾನದ ನಡುವಿನಲ್ಲೇ ನೋಡಿದ್ದಾರೆ. ಫ್ರಾನ್ಸಿನ ಬ್ರಿಟನಿ ದಂಡೆಯಲ್ಲಿ ರಾಸ್ಕಾಫ್ ಎಂಬ ಊರಿದೆ. ಅಲ್ಲಿನ ಮರಳಿನಲ್ಲಿ ಕೆಲವೇ ಮಿಲಿಮೀಟರು ಉದ್ದದ ಹಸಿರು ಹುಳುವಿದೆ. ಬೆಳೆದ ಮೇಲೆ ಅದು ಏನನ್ನೂ ತಿನ್ನುವುದಿಲ್ಲ, ಮೈಯೊಳಗೆ ಸಾಕಿಕೊಂಡ ಪಾಚಿ ಬಿಸಿಲಲ್ಲಿ ಅಡುಗೆ ಮಾಡಿ ಕೊಡುತ್ತದೆ. ನೀರು ಇಳಿದಾಗ ಲಕ್ಷಗಟ್ಟಲೆ ಮೇಲೆ ಬಂದು ಮರಳನ್ನೇ ಹಸಿರು ಮಾಡುತ್ತವೆ, ಅಲೆ ಮರಳುವ ಮೊದಲು ಇಳಿದುಹೋಗುತ್ತವೆ. ಗಾಜಿನ ಬಟ್ಟಲಿನ ಮರಳಿನಲ್ಲಿ ಇಟ್ಟರೂ ಕೆಲವು ದಿನ ಹಾಗೆಯೇ ಏರುತ್ತವೆ, ಹಾಗೆಯೇ ಇಳಿಯುತ್ತವೆ. ಅದಕ್ಕೆ ಮಿದುಳು ಎಂದು ಹೇಳಿಕೊಳ್ಳುವಂಥದ್ದು ತೀರಾ ಅಲ್ಪ. ಆದರೂ ಚಂದ್ರ ಎಲ್ಲಿದ್ದಾನೆ ಎಂಬುದು ಅದಕ್ಕೆ ಗೊತ್ತು.

ಕಣ್ಣಿಗೆ ಕಾಣದವರ ಸಂಖ್ಯೆ ಇನ್ನೂ ದೊಡ್ಡದು. ಒಂದು ಮರಳ ಕಣಕ್ಕೂ ಇನ್ನೊಂದಕ್ಕೂ ನಡುವಿನ ಸಂದಿಯಲ್ಲಿ ನೀರಿನ ತೆಳು ಪೊರೆ ಇರುತ್ತದೆ. ಅದೇ ಅವರ ಊರು. ಒಂದು ಚದರ ಮೀಟರು ದಂಡೆಯ ಮರಳಿನಲ್ಲಿ ಇಂಥ ಹತ್ತು ಲಕ್ಷ ಪ್ರಾಣಿಗಳು ಇರುವುದು ಅಪರೂಪವೇನಲ್ಲ. ಸಣ್ಣ ದುಂಡುಹುಳು, ಎಂಟು ಕಾಲಿನ ನೀರುಕರಡಿ, ಸಿಗಡಿಯ ಜಾತಿಯ ಅಣುಗಾತ್ರದ ಜೀವಗಳು. 1983, ಅಂದರೆ ಕಪಿಲ್ ದೇವ್ ವಿಶ್ವಕಪ್ ಎತ್ತಿದ ವರ್ಷ, ಅದೇ ರಾಸ್ಕಾಫಿನ ಕಡಲಡಿಯ ಚಿಪ್ಪು ಬೆರೆತ ಮರಳಿನಿಂದ ಡೆನ್ಮಾರ್ಕಿನ ಕ್ರಿಸ್ಟೆನ್ಸನ್ ಎಂಬ ವಿಜ್ಞಾನಿ ಹೊಸ ಪ್ರಾಣಿಯೊಂದನ್ನು ಲೋಕಕ್ಕೆ ಪರಿಚಯಿಸಿದರು. ಅದು ಬರೀ ಹೊಸ ಜಾತಿಯಲ್ಲ. ಪ್ರಾಣಿಲೋಕದ ಹಿರಿಯ ವಿಭಾಗಗಳ ಪಟ್ಟಿಗೆ ಲೋರಿಸಿಫೆರಾ ಎಂಬ ಹೊಸ ವಿಭಾಗವನ್ನೇ ಸೇರಿಸಬೇಕಾಯಿತು. ಮನುಷ್ಯ ಚಂದ್ರನ ಮೇಲೆ ನಡೆದು ಹದಿನಾಲ್ಕು ವರ್ಷವಾದ ಮೇಲೆ ಮರಳಿನಲ್ಲಿ ಈ ನೆಂಟರು ಸಿಕ್ಕರು.

ನಮ್ಮ ಕಡೆಯ ಕೆರೆಗೂ ಒಂದು ಅಂಚು ಇದೆ, ಅಲ್ಲಿಯೂ ನೀರು ಏರಿಳಿಯುತ್ತದೆ. ದಿನಕ್ಕೆ ಎರಡು ಸಲ ಅಲ್ಲ, ವರ್ಷಕ್ಕೊಮ್ಮೆ, ಮಳೆ ಕೈಕೊಟ್ಟರೆ ಅದೂ ಇಲ್ಲ. ಬೇಸಿಗೆಯಲ್ಲಿ ಕೆರೆಯಂಗಳ ಬಿರುಕು ಬಿಟ್ಟಾಗ ಗೋಡು ಅಗೆದು ಟ್ರ್ಯಾಕ್ಟರಿನಲ್ಲಿ ತೋಟಕ್ಕೆ ಹೊಡೆಯುತ್ತೇವೆ. ಆ ಕರಿ ಹೆಂಟೆಯನ್ನು ಒಡೆದರೆ ಒಳಗೆ ಬಸವನಹುಳು. ಚಿಪ್ಪಿನ ಬಾಯಿಗೆ ಮುಚ್ಚಳ ಬಿಗಿದುಕೊಂಡು, ಮೈಯ ತೇವವನ್ನು ಒಳಗೇ ಹಿಡಿದು, ಮುಂದಿನ ಮಳೆಯವರೆಗೆ ಮಲಗಿದೆ. ಪಕ್ಕದಲ್ಲೇ ಕಪ್ಪೆಚಿಪ್ಪು, ಒಳಗೆ ಮುತ್ತಿನ ಹೊಳಪು. ಕಡಲಿನಿಂದ ಹೊಳೆ ಹಿಡಿದು ಮೇಲೆ ಬಂದ ವಂಶಗಳು ಇವು. ಅಘನಾಶಿನಿಯ ಬಳಚು ಆರು ಗಂಟೆ ಬಾಗಿಲು ಮುಚ್ಚಿಕೊಂಡು ಕಾಯುತ್ತದೆ, ಕೆಂಕೆರೆಯ ಬಸವನಹುಳು ತಿಂಗಳುಗಟ್ಟಲೆ.

ಇಷ್ಟರಲ್ಲೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ನಮ್ಮ ನೆಲದ ಕಲ್ಲಿನಲ್ಲಿ ಇನ್ನೊಂದು ಸಂಗತಿ ಇದೆ. ಗದಗಿನಿಂದ ಚಿತ್ರದುರ್ಗ, ಚಿಕ್ಕನಾಯಕನಹಳ್ಳಿಯ ಮೂಲಕ ದಕ್ಷಿಣಕ್ಕೆ ಹಳೆಯ ಪದರಗಲ್ಲಿನ ಒಂದು ಉದ್ದನೆಯ ಪಟ್ಟಿ ಹಾದುಹೋಗುತ್ತದೆ. ಇಲ್ಲಿನ ಕಬ್ಬಿಣದ ಅದಿರು, ಮ್ಯಾಂಗನೀಸು, ಸುಣ್ಣದ ಕಲ್ಲು ಎಲ್ಲ ಅದರದೇ. ಅದಿರು ತುಂಬಿದ ಲಾರಿಗಳ ಧೂಳನ್ನು ನಮ್ಮ ತೆಂಗಿನ ಗರಿಗಳು ಬಹಳ ಕಾಲ ಹೊತ್ತಿದ್ದವು. 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆಗೆ ತಡೆ ಹಾಕಿದ ಮೇಲೆ ಉಸಿರಾಡಿದವು. ಈ ಪಟ್ಟಿಯ ಸುಣ್ಣದ ಕಲ್ಲಿನಲ್ಲಿ, ನಮಗೆ ಹತ್ತಿರದ ದೊಡ್ಡಗುಣಿಯಲ್ಲಿ, ಆಚೆ ಹಿರಿಯೂರಿನ ಮಾರಿಕಣಿವೆಯಲ್ಲಿ, ಭೂವಿಜ್ಞಾನಿಗಳು ಸ್ಟ್ರೊಮಾಟೊಲೈಟುಗಳನ್ನು ಗುರುತಿಸಿದ್ದಾರೆ. ಚಿರೋಟಿಯ ಎಸಳಿನ ಹಾಗೆ ಒಂದರ ಮೇಲೊಂದು ಕೂತ ತೆಳು ಪದರಗಳು, ಕೆಲವೆಡೆ ಗುಮ್ಮಟದಂತೆ ಉಬ್ಬಿವೆ. ಬಿಸಿಲು ತಲುಪುವಷ್ಟು ತೆಳು ನೀರಿನ ಕಡಲಂಚಿನಲ್ಲಿ ಸೂಕ್ಷ್ಮಜೀವಿಗಳು ಚಾಪೆಯಾಗಿ ಹಬ್ಬಿ, ಮೇಲೆ ಬಿದ್ದ ಪುಡಿಯನ್ನು ಹಿಡಿದು, ಸುಣ್ಣ ಕಟ್ಟಿ, ಮತ್ತೆ ಅದರ ಮೇಲೆ ಹಬ್ಬಿ ಬೆಳೆದ ಗುರುತು ಅದು. ವಯಸ್ಸು ಸುಮಾರು 260 ಕೋಟಿ ವರ್ಷ.

ಅಂದರೆ ತೆಂಗು ಕಡಲ ದಂಡೆಯಿಂದ ಇಲ್ಲಿಗೆ ಬಂದಿತು ಎಂದು ನಾವು ಹೇಳುವ ಈ ಸೀಮೆಯಲ್ಲೇ ಒಂದು ಕಾಲಕ್ಕೆ ಕಡಲ ದಂಡೆ ಇತ್ತು. ನೀರು ಇಲ್ಲಿಯೂ ಏರಿತು, ಇಳಿಯಿತು. ಆದರೆ ಆ ದಂಡೆಯನ್ನು ಕಲ್ಪಿಸಿಕೊಳ್ಳಲು ಹೋದರೆ ಎದೆ ಝಲ್ಲೆನ್ನುತ್ತದೆ. ಅಲ್ಲಿ ಏಡಿ ಇಲ್ಲ. ಬಳಚಿಲ್ಲ. ಬೆಳ್ಳಕ್ಕಿ ಇಲ್ಲ. ಒಂದು ತೂತೂ ಇಲ್ಲ. ಇಡೀ ಭೂಮಿಯಲ್ಲಿ ಹುಳು ಎಂಬುದೇ ಇನ್ನೂ ಹುಟ್ಟಿರಲಿಲ್ಲ.

ಆ ಪದರಗಳು ಇಂದಿಗೂ ಎಸಳೆಸಳಾಗಿ ಉಳಿದಿರುವುದಕ್ಕೆ ಒಂದು ಕಾರಣ ಇದೇ. ಕೆದಕುವವರು ಯಾರೂ ಇರಲಿಲ್ಲ. ಅಘನಾಶಿನಿಯ ದಿಬ್ಬವನ್ನು ಸಲಿಕೆಯಿಂದ ನೇರ ಕಡಿದು ನೋಡಿ, ಅಂಥ ಪದರ ಸಿಗುವುದು ಕಷ್ಟ. ಪ್ರತಿ ಇಳಿತ ಉಬ್ಬರದಲ್ಲಿ ಹುಳು, ಏಡಿ, ಬಳಚು ಮರಳನ್ನು ತಿಂದು, ಉಗಿದು, ಅಗೆದು, ತಿರುವಿ ಹಾಕುತ್ತಲೇ ಇರುತ್ತವೆ. ಅವು ತೋಡಿದ ತೂತಿನಿಂದ ಗಾಳಿಯೂ ಹೊಸ ನೀರೂ ಕೆಳಗಿಳಿದು, ಅಡಿಯ ಕಪ್ಪು ಕೆಸರಿಗೂ ಉಸಿರು ಬರುತ್ತದೆ. ಮಣ್ಣಿನಲ್ಲಿ ಹೀಗೆ ಕೊರೆದು ಸಾಗುವುದನ್ನು ಪ್ರಾಣಿಗಳು ಚೆನ್ನಾಗಿ ಕಲಿತ ಕಾಲವನ್ನೇ ಭೂವಿಜ್ಞಾನಿಗಳು ಒಂದು ಯುಗದ ಬಾಗಿಲಾಗಿ ಇಟ್ಟುಕೊಂಡಿದ್ದಾರೆ. ಸುಮಾರು 54 ಕೋಟಿ ವರ್ಷದ ಹಿಂದೆ ಶುರುವಾದ ಕೇಂಬ್ರಿಯನ್ ಯುಗದ ಗಡಿಗಲ್ಲು ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಕಡಲಬಂಡೆಯಲ್ಲಿದೆ. ಆ ಗಡಿಯ ಗುರುತು ಯಾವ ದೊಡ್ಡ ಪ್ರಾಣಿಯ ಮೂಳೆಯೂ ಅಲ್ಲ, ಹೆಸರಿಲ್ಲದ ಒಂದು ಹುಳು ಮಣ್ಣಿನಲ್ಲಿ ಕೊರೆದ ಬಿಲ. ಹುಳುವಿನ ಮೈ ಉಳಿದಿಲ್ಲ, ಅದು ನಡೆದ ದಾರಿ ಉಳಿದಿದೆ.

ಬಸವನಹುಳುವಿನಂಥವು ಬಂದು ಮೇಯತೊಡಗಿದ ಮೇಲೆ ಸೂಕ್ಷ್ಮಜೀವಿಗಳ ಚಾಪೆಗಳು ಮೂಲೆ ಸೇರಿದವು ಎಂದು ಬಹಳ ವಿಜ್ಞಾನಿಗಳು ನಂಬುತ್ತಾರೆ. ಇಂದು ಅವು ಜೀವಂತವಾಗಿ ಬೆಳೆಯುವುದನ್ನು ನೋಡಲು ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಬೇಯಂಥ ಕಡೆ ಹೋಗಬೇಕು. ಅಲ್ಲಿನ ನೀರು ಕಡಲಿಗಿಂತ ಎರಡರಷ್ಟು ಉಪ್ಪು, ಮೇಯುವವರು ಹತ್ತಿರ ಸುಳಿಯುವುದು ಕಡಿಮೆ. ನಮ್ಮ ತೆಂಗಿನ ಬುಡದ ಕಲ್ಲಿನದೂ ಅಘನಾಶಿನಿಯ ಮರಳಿನದೂ ಹೀಗೆ ಒಂದೇ ಕತೆಯ ಎರಡು ತುದಿ. ಒಂದು ತುದಿಯಲ್ಲಿ ಜನವಿಲ್ಲದ ದಂಡೆ, ಇನ್ನೊಂದರಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ.

ಚಂದ್ರನಿಗೂ ಈ ಕತೆಯಲ್ಲಿ ಪಾಲಿದೆ. ಬಳಚಿನ ಚಿಪ್ಪನ್ನು ಕುಯ್ದು ನಯಗೊಳಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಉಬ್ಬರ ಇಳಿತಗಳ ಗೆರೆಗಳು ಕಾಣುತ್ತವೆ. ನೀರಿದ್ದಾಗ ಚಿಪ್ಪು ಬೆಳೆಯುತ್ತದೆ, ಇಲ್ಲದಾಗ ನಿಲ್ಲುತ್ತದೆ, ಆ ಲೆಕ್ಕ ಅಲ್ಲೇ ಬರೆದಿರುತ್ತದೆ. 1963ರಲ್ಲಿ ಜಾನ್ ವೆಲ್ಸ್ ಎಂಬ ಅಮೆರಿಕದ ವಿಜ್ಞಾನಿ ಸುಮಾರು 40 ಕೋಟಿ ವರ್ಷ ಹಿಂದಿನ ಹವಳಗಳ ಮೇಲೆ ಇಂಥದೇ ದಿನದ ಗೆರೆಗಳನ್ನು ಎಣಿಸಿ, ಆಗ ವರ್ಷಕ್ಕೆ 400ರಷ್ಟು ದಿನಗಳಿದ್ದವು ಎಂದು ತೋರಿಸಿದರು. ಭೂಮಿ ಆಗ ಇನ್ನೂ ಬಿರುಸಾಗಿ ತಿರುಗುತ್ತಿತ್ತು, ದಿನ ಚಿಕ್ಕದಾಗಿತ್ತು. ಕಡಲಿನ ಏರಿಳಿತದ ಎಳೆತದಿಂದ ಭೂಮಿಯ ತಿರುಗಾಟ ನಿಧಾನವಾಗುತ್ತಾ ಬಂದಿದೆ, ಚಂದ್ರ ದೂರ ಸರಿಯುತ್ತಾ ಹೋಗುತ್ತಿದ್ದಾನೆ. ಈಗಲೂ ವರ್ಷಕ್ಕೆ ಸುಮಾರು 3.8 ಸೆಂಟಿಮೀಟರು. ದೊಡ್ಡಗುಣಿಯ ಚಾಪೆಗಳ ಮೇಲೆ ಹರಿದ ಉಬ್ಬರವನ್ನು ಎಳೆದ ಚಂದ್ರ ಇನ್ನೂ ಹತ್ತಿರವಿದ್ದ, ಆಕಾಶದಲ್ಲಿ ಇನ್ನೂ ದೊಡ್ಡವನಾಗಿ ಕಾಣಬೇಕಿತ್ತು. ನೋಡುವ ಕಣ್ಣು ಮಾತ್ರ ಎಲ್ಲೂ ಇರಲಿಲ್ಲ.

2024ರ ಆರಂಭದಲ್ಲಿ ಅಘನಾಶಿನಿ ಅಳಿವೆಯನ್ನು ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತು ಕಾಪಾಡಬೇಕಾದ ಜೌಗುನೆಲಗಳ ಪಟ್ಟಿಗೆ ಸೇರಿಸಿದರು. ಸಂತೋಷದ ಮಾತು. ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ಮರಳಿನ ಲಾರಿ ನಿಲ್ಲುವುದಿಲ್ಲ, ಸುಣ್ಣಕ್ಕೆಂದು ಚಿಪ್ಪಿನ ರಾಶಿಯನ್ನೇ ಬಗೆಯುವ ಕೈ ನಿಲ್ಲುವುದಿಲ್ಲ, ದಂಡೆಯೆಂದರೆ ಬಂದರಿಗೋ ಕಟ್ಟಡಕ್ಕೋ ಕಾದು ಬಿದ್ದ ಜಾಗ ಎಂಬ ಯೋಚನೆಯೂ ಬದಲಾಗುವುದಿಲ್ಲ. ನಮ್ಮ ಕೆರೆಯಂಚುಗಳಿಗೂ ಆದದ್ದು ಇದೇ. ನೀರಿಲ್ಲದ ತಿಂಗಳುಗಳಲ್ಲಿ ಖಾಲಿ ಎಂದು ಕಂಡದ್ದು ಒತ್ತುವರಿಯಾಯಿತು. ಇಳಿತದ ಹೊತ್ತಿನ ಮರಳು ಖಾಲಿಯಲ್ಲ ಎಂದು ಅಲ್ಲಿ ಕೂತು ನೋಡಿದ ಯಾರೂ ಹೇಳಬಲ್ಲರು. ಕೂತು ನೋಡುವವರು ಹೆಚ್ಚಾಗಬೇಕು, ಅದರಲ್ಲೂ ಮಕ್ಕಳು.

ಗೋಕರ್ಣಕ್ಕೋ ಕುಮಟೆಗೋ ಹೋಗುವ ನಮ್ಮ ಕಡೆಯವರು ದೇವರ ದರ್ಶನ ಮುಗಿಸಿ ನೇರ ಬಸ್ಸು ಹತ್ತುತ್ತಾರೆ. ಒಂದು ಅರ್ಧ ದಿನ ಉಳಿದುಕೊಳ್ಳಿ. ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಚೀಚೆಯ ದಿನವಾದರೆ ಒಳ್ಳೆಯದು. ಇಳಿತ ಎಷ್ಟು ಹೊತ್ತಿಗೆ ಎಂದು ದೋಣಿಯವರನ್ನು ಕೇಳಿ, ಎಲ್ಲಿ ಕಾಲಿಡಬಹುದು ಎಂದು ಬಳಚು ತೆಗೆಯುವವರನ್ನು ಕೇಳಿ, ಮಕ್ಕಳ ಕೈ ಹಿಡಿದು ದಿಬ್ಬಕ್ಕೆ ಹೋಗಿ ಮಾತಾಡದೆ ಕೂರಿ. ಏಡಿಗಳು ಹೊರಗೆ ಬರುತ್ತವೆ. ಎಳೆಯ ಬಳಚು ಕೈಗೆ ಬಂದರೆ ನೋಡಿ, ಅದೇ ಜಾಗದಲ್ಲಿ ಮರಳೊಳಗೆ ಬಿಡಿ. ನೀರು ತಿರುಗುವ ಮೊದಲು ದಡಕ್ಕೆ ಬನ್ನಿ.